ಅತ್ತೆ ಪ್ರಸಾದ ವಾಪಸ್ ಕೇಳಿದ ವಾರ

ನಮ್ಮ ಮನೆಯಲ್ಲಿ ದೇವರು ಬೂದಿ ಉದುರಿಸಲು ಶುರು ಮಾಡಿದ್ದು ಹೋದ ವರ್ಷದ ಬೇಸಿಗೆಯಲ್ಲಿ. ಮೊದಲು ನೋಡಿದವರು ನನ್ನ ಅತ್ತೆ.

"ಲಗೂ ಬರ್ರಿ ಎಲ್ಲಾರೂ! ಶಿವಾ ನಮ್ಮ ಮನೀಗೆ ಬಂದಾನ!" ಎಂದು ದೇವರ ಕೋಣೆಯಿಂದ ಅವರು ಕೂಗಿದ ರೀತಿಗೆ ನಾನು ಹಂಚಿನ ಮೇಲಿನ ರೊಟ್ಟಿ ಹಾಗೆಯೇ ಬಿಟ್ಟು ಓಡಿದೆ. ರೊಟ್ಟಿ ಸೀದುಹೋಯಿತು. ಹೊಸ ಮಂಟಪದ ಕಾಲಿನ ಬುಡದಲ್ಲಿ, ದೀಪದ ಪಕ್ಕ, ಬೆರಳಲ್ಲಿ ಚಿವುಟಿ ಎತ್ತುವಷ್ಟು ಬಿಳಿ ಪುಡಿ ಗುಪ್ಪೆಯಾಗಿ ಬಿದ್ದಿತ್ತು. ನುಣ್ಣಗೆ, ತಣ್ಣಗೆ, ಥೇಟ್ ವಿಭೂತಿ. ಅತ್ತೆ ಅದನ್ನು ಆಗಲೇ ತಮ್ಮ ಹಣೆಗೆ ಮೂರು ಬೆರಳಲ್ಲಿ ಎಳೆದುಕೊಂಡಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಣೆಗೂ ಬಿತ್ತು.

ಆ ಮಂಟಪ ಬಂದದ್ದು ನನ್ನ ಮೈದುನನ ಅಂಗಡಿಯಿಂದ. ಹಾವೇರಿಯಲ್ಲಿ ಅವನದು ಬಾಗಿಲು, ಮಂಚ, ಕುರ್ಚಿಗಳ ದೊಡ್ಡ ಅಂಗಡಿ. ಅಲ್ಲಿರುವುದೆಲ್ಲ ಸಮುದ್ರ ದಾಟಿ ಬಂದದ್ದು. ಯಾವ ದೇಶದ್ದು ಎಂದು ಕೇಳಿದರೆ ಒಮ್ಮೆ ಮಲೇಷ್ಯಾ ಎನ್ನುತ್ತಾನೆ, ಇನ್ನೊಮ್ಮೆ ಬೇರೆ ಹೆಸರು ಹೇಳುತ್ತಾನೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಶಾಲೆಯ ಚೀಲ ಹೊರುತ್ತಿದ್ದ, ಹಾಗಾಗಿ ನಮ್ಮಿಬ್ಬರ ನಡುವೆ ಸಲುಗೆಯೂ ಜಾಸ್ತಿ, ಜಗಳವೂ ಜಾಸ್ತಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. "ನಮ್ಮ ವೈನಿ ಬ್ಯಾಡಗಿ ಮನೀ ಸೊಸಿ ಆದ್ರೂ ಖಾರ ಮಾತ್ರ ಗುಂಟೂರಿಂದು" ಎಂದು ಅವನು ಬಂದವರಿಗೆಲ್ಲ ಹೇಳುತ್ತಾನೆ. ಹೇಳಲಿ. ನನಗೆ ಸಿಟ್ಟು ಬೇಗ ಬರುವುದು ಸುಳ್ಳಲ್ಲ.

ಆ ವರ್ಷ ನಮ್ಮ ಜಗಳ ಬಾಗಿಲಿನದು. ನನ್ನ ಮಗಳು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳೂ ಅಳಿಯನೂ ಅಲ್ಲೇ ಮನೆ ಕಟ್ಟಿಸುತ್ತಿದ್ದರು. ಮುಂಬಾಗಿಲನ್ನು ಚೌಕಟ್ಟು ಸಮೇತ ತಾನೇ ಉಡುಗೊರೆ ಕೊಡುತ್ತೇನೆಂದು ಮೈದುನ ಹಟ ಹಿಡಿದ.

"ವೈನಿ, ಇದು ಸೀದಾ ಹಚ್ಚೂದು ಅಷ್ಟ. ಬಾಗಂಗಿಲ್ಲ, ಬಿರಿಯಂಗಿಲ್ಲ. ನಿಮ್ಮ ಬದುವಿನ ಕಟ್ಟಿಗಿ ಒಣಗೂದ್ರಾಗ ಆಕಿಗೆ ಮೊಮ್ಮಕ್ಕಳು ಆಗ್ತಾವು."

"ಆಗವಲ್ಲವ್ಯಾಕ. ಆ ಮೊಮ್ಮಕ್ಕಳೂ ಅದ ಬಾಗಿಲದಾಗ ಆಡ್ತಾವು. ನಿನ್ನ ಬಾಗಿಲ ನಿನ್ನ ಅಂಗಡಿಗೇ ಹಚ್ಚಿಕೋ" ಎಂದೆ.

ಹಟಕ್ಕೆ ಕಾರಣವಿತ್ತು. ಹಲಗೇರಿ ನನ್ನ ತವರು. ಮಗಳು ಹುಟ್ಟಿದಾಗ ನನ್ನ ಅಪ್ಪ ಹೊಲದ ಬದುವಿನ ಮೇಲೆ ಸಾಗವಾನಿ ಸಸಿಗಳನ್ನು ನೆಟ್ಟಿದ್ದ. "ಈಕಿ ಮನೀ ಕಟ್ಟಿದಾಗ ಬಾಗಿಲ ನಂದು" ಎನ್ನುತ್ತಿದ್ದ. ಈಗ ಅಪ್ಪ ಇಲ್ಲ. ಅರಣ್ಯ ಇಲಾಖೆಯ ಪರವಾನಿಗೆ ಪಡೆದು ಅವುಗಳಲ್ಲಿ ಎರಡು ಮರ ಕಡಿಸಿ, ಹಾವೇರಿಯ ಸಾ ಮಿಲ್ಲಿನಲ್ಲಿ ಕೊಯ್ಯಿಸಿ, ನೆರಳಲ್ಲಿ ಒಣಗಲೆಂದು ತೊಲೆಗಳನ್ನು ಬ್ಯಾಡಗಿಯ ನಮ್ಮ ಪಡಸಾಲೆಯಲ್ಲೇ ಪೇರಿಸಿದ್ದೆವು. ಪಡಸಾಲೆಗೆ ಹೊಂದಿಕೊಂಡೇ ದೇವರ ಕೋಣೆ. ಬೆಳಿಗ್ಗೆ ಎದ್ದು ಆ ತೊಲೆಗಳ ಮೇಲೆ ಒಮ್ಮೆ ಕೈಯಾಡಿಸದೆ ನಾನು ಚಹಾ ಕುಡಿಯುತ್ತಿರಲಿಲ್ಲ. ಅಪ್ಪನ ಬೆನ್ನು ಮುಟ್ಟಿದ ಹಾಗಾಗುತ್ತಿತ್ತು.

ಬಾಗಿಲು ಒಲ್ಲೆ ಎಂದ ನನ್ನನ್ನು ಬಿಟ್ಟು ಮೈದುನ ತನ್ನ ತಾಯಿಯನ್ನು ಹಿಡಿದ. ಅತ್ತೆಗೆಂದು ಈ ಮಂಟಪ ತಂದು ಕೂರಿಸಿದ. ಕೆನೆಬಣ್ಣದ ಕಟ್ಟಿಗೆ, ಮೇಲೆ ಗೋಪುರ, ಗಂಟೆ ಕಟ್ಟಲು ಹಿತ್ತಾಳೆಯ ಕೊಂಡಿಗಳು. ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆ ಹಳೆಯ ಜಗಲಿಯ ದೇವರನ್ನೆಲ್ಲ ಅದರೊಳಗೆ ಇಟ್ಟು, ಎದುರಿಗೆ ಕೂತು, ಗಳಿಗೆಗೊಮ್ಮೆ ಸೆರಗಿನಿಂದ ಅದನ್ನು ಒರೆಸುತ್ತಿದ್ದರು.

ಬೂದಿ ಬಿದ್ದ ಸುದ್ದಿ ಓಣಿ ತುಂಬ ಹಬ್ಬಲು ಹೊತ್ತು ಬೇಕಾಗಲಿಲ್ಲ. ಮರುದಿನವೂ ಬಿತ್ತು, ಅದರ ಮರುದಿನವೂ ಬಿತ್ತು. ಅತ್ತೆ ಅದನ್ನು ನವಿಲುಗರಿಯಿಂದ ಗುಡಿಸಿ ಬೆಳ್ಳಿ ಬಟ್ಟಲಲ್ಲಿ ತುಂಬಿಡುತ್ತಿದ್ದರು. ಬಂದವರ ಹಣೆಗೆ ಹಚ್ಚಿ, ಹಳೆಯ ಪೇಪರಿನ ಚೂರಿನಲ್ಲಿ ಒಂದೊಂದು ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಕಾಗಿನೆಲೆಯ ಬಸ್ಸು ಹತ್ತುವ ಹೆಂಗಸರೂ ನಮ್ಮ ಮನೆಗೆ ಹಾದು ಹೋಗತೊಡಗಿದರು. ನನಗೆ ಚಹಾ ಮಾಡಿ ಮಾಡಿ ಸಾಕಾಯಿತು. ಆದರೆ ಒಂದು ಮಾತು ಹೇಳಬೇಕು: ನನ್ನ ಅತ್ತೆಯನ್ನು ಅಷ್ಟು ಖುಷಿಯಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಮೊಣಕಾಲು ನೋವು ಎಂದು ಸದಾ ಗೊಣಗುವವರು ಎದ್ದು ಎದ್ದು ಬಾಗಿಲಿಗೆ ಬಂದು, "ಬಾ ಯವ್ವಾ, ಹಣಿ ಕೊಡು" ಎನ್ನುತ್ತಿದ್ದರು. ಓಣಿಯ ಹೆಂಗಸರು ಬಗ್ಗಿ ಹಣೆ ಒಡ್ಡಿದಾಗ ಅವರ ಮುಖ ನೋಡಬೇಕಿತ್ತು.

ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಮೆಣಸಿನಕಾಯಿ. ನಮ್ಮವರದು ಮೆಣಸಿನಕಾಯಿ ದಲಾಲಿ ಅಂಗಡಿ. ಮನೆಗೆಂದು ತೆಗೆದಿಟ್ಟ ಹಳೆಯ ಚೀಲವೊಂದನ್ನು ಅಂದು ಬಿಸಿಲಿಗೆ ಸುರಿದೆ. ಕೆಲವು ಕಾಯಿಗಳಿಗೆ ಹುಳ ಬಿದ್ದಿತ್ತು: ಸೂಜಿ ಚುಚ್ಚಿದಂಥ ಗುಂಡನೆಯ ತೂತು, ತಟ್ಟಿದರೆ ನುಣ್ಣನೆಯ ಪುಡಿ. ಪುಡಿ ಕೆಂಪು, ಅಷ್ಟೇ. ಕೈಯಲ್ಲಿ ಆ ಕಾಯಿ ಹಿಡಿದುಕೊಂಡೇ ದೇವರ ಕೋಣೆಗೆ ಹೋಗಿ ಮಂಟಪದ ಹಿಂದೆ ಟಾರ್ಚು ಬಿಟ್ಟೆ. ಪಾಲಿಶ್ ಹೊಡೆಯದ ಹಿಂಬದಿಯಲ್ಲಿ ಅದೇ ಗುಂಡನೆಯ ತೂತುಗಳು, ಅಲ್ಲೊಂದು ಇಲ್ಲೊಂದು. ನೋಡುತ್ತಿದ್ದಂತೆ ಒಂದು ತೂತಿನಿಂದ ಪುಡಿ ಉದುರಿತು. ಅದರ ಹಿಂದೆ ಎಳ್ಳುಕಾಳಿಗಿಂತ ಸ್ವಲ್ಪ ಉದ್ದದ ಕಂದು ಹುಳವೊಂದು ನಿಧಾನವಾಗಿ ಹೊರಗೆ ಬಂತು.

ನನಗೆ ಮೊದಲು ಬಂದದ್ದು ನಗು. ಆಮೇಲೆ ತಿರುಗಿ ಪಡಸಾಲೆಯತ್ತ ನೋಡಿದೆ. ಅಪ್ಪನ ತೊಲೆಗಳು ನಾಲ್ಕು ಮಾರಿನಷ್ಟು ದೂರದಲ್ಲಿದ್ದವು. ನಗು ನಿಂತುಹೋಯಿತು.

ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಅವಳು ಕೂಡಲೇ ಫೋನು ಮಾಡಿದಳು. ನನ್ನ ಅತ್ತೆಯನ್ನು ಅವಳು ಆಯಿ ಎನ್ನುತ್ತಾಳೆ.

"ಅವ್ವಾ, ಇದು ಕಟ್ಟಿಗಿ ಕೊರಿಯೋ ಹುಳ. ಆ ಪುಡಿ ಅಂದ್ರ ಅದು ತಿಂದ ಬಿಟ್ಟದ್ದು. ಆಯಿ ಅದನ್ನ ಯಾರಿಗೂ ಕೊಟ್ಟಿಲ್ಲ ಹೌದಲ್ಲೊ?"

"ಯಾರಿಗೆ ಕೊಟ್ಟಿಲ್ಲ ಅಂತ ಕೇಳು, ಅದು ಹೇಳೂದು ಸಲೀಸು."

ಅವಳು ನಕ್ಕಳೋ, ಹಣೆ ಚಚ್ಚಿಕೊಂಡಳೋ ಗೊತ್ತಾಗಲಿಲ್ಲ. ಆಮೇಲೆ ತಿಳಿಸಿ ಹೇಳಿದಳು. ಅವಳ ಕಂಪನಿಯಲ್ಲಿ ಒಂದು ಹಿಡಿ ಬೀಜ ಹೊರದೇಶದಿಂದ ಬಂದರೂ ರೋಗವಿಲ್ಲ ಎಂಬ ಕಾಗದ ಜೊತೆಗೆ ಇರಬೇಕಂತೆ. ಕಟ್ಟಿಗೆಗೂ ಹಾಗೆಯೇ, ಬಿಸಿ ಕೊಟ್ಟೋ ಔಷಧ ಕೊಟ್ಟೋ ಒಳಗಿನ ಹುಳ ಕೊಂದು ಕಳಿಸಬೇಕು. ಸರಿಯಾಗಿ ಮಾಡಿದರೆ ಹೊರಗಿನ ಕಟ್ಟಿಗೆಗೂ ಏನೂ ದೋಷವಿಲ್ಲ. ಎಲ್ಲೋ ಒಂದು ಕಡೆ ಯಾರೋ ಕಣ್ಣು ತಪ್ಪಿಸಿದರೆ ಹೀಗಾಗುತ್ತದೆ.

"ಬಹುಶಃ ಇದು ಒಣಾ ಕಟ್ಟಿಗಿ ಅಷ್ಟ ತಿನ್ನತೈತಿ. ಅಜ್ಜನ ತೊಲಿಗಳ ಬಿಳಿ ಅಂಚು ಬಿಡಂಗಿಲ್ಲ, ಮಂದಿ ಮನೀ ಬಿದಿರು ಬುಟ್ಟಿ ಬಿಡಂಗಿಲ್ಲ. ಹಸೀ ಗಿಡಕ್ಕ ಏನೂ ಆಗಲಿಕ್ಕಿಲ್ಲ. ಆದ್ರ ಖರೇ ಯಾವ ಹುಳ, ಮೈಮ್ಯಾಲೆ ಯಾವ ರೋಗ ಹೊತ್ತಕೊಂಡು ಬಂದೈತಿ, ನನಗೂ ಗೊತ್ತಿಲ್ಲ. ಅದರ ಊರಿನ ಗಿಡಕ್ಕ ಅದರ ಗುರ್ತು ಇರ್ತೈತಿ ಅವ್ವಾ, ತಡಕೋತಾವು. ನಮ್ಮ ಗಿಡಕ್ಕ ಗುರ್ತ ಇರಂಗಿಲ್ಲ. ಅದಕ್ಕ ಎಲ್ಲಾ ಪೊಟ್ಟಣ ತಿರುಗಿ ತರಸು. ಮಂಟಪ ಸಮೇತ ಸುಟ್ಟಬಿಡ್ರಿ."

ಸುಟ್ಟುಬಿಡಿ ಎನ್ನುವುದು ಸುಲಭ. ಅತ್ತೆಗೆ ಹೇಳುವವರು ಯಾರು? ನಮ್ಮವರನ್ನು ಕೇಳಿದರೆ, "ನಾ ಅಂಗಡಿಗೆ ಹೋಗಬೇಕು" ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟರು. ಮೈದುನನಿಗೆ ಫೋನು ಮಾಡಿ ನಾಲ್ಕು ಬೈದೆ. ಪಾಪ, ಅವನು ಹೆದರಿಬಿಟ್ಟ. ಅಂಗಡಿಯಲ್ಲಿದ್ದ ಆ ಜಾತಿಯ ಮಂಟಪಗಳನ್ನೆಲ್ಲ ಅಂದೇ ಬೇರೆ ಇರಿಸಿ, ಕಳಿಸಿದವರಿಗೆ ತಾಕೀತು ಮಾಡಿದ. "ಅವ್ವಗ ಮಾತ್ರ ನೀವ ಹೇಳ್ರಿ ವೈನಿ, ನಿಮ್ಮ ಕಾಲ ಬೀಳತೇನಿ" ಎಂದ. ಕೊನೆಗೆ ಕೆಲಸ ನನ್ನ ಕೊರಳಿಗೇ ಬಿತ್ತು.

ಅತ್ತೆ ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡಿದ್ದರು. ನಾನು ಹುಳ ಬಿದ್ದ ಮೆಣಸಿನಕಾಯಿಯನ್ನು ಅವರ ಅಂಗೈ ಮೇಲೆ ತಟ್ಟಿದೆ. ಕೆಂಪು ಪುಡಿ ಬಿತ್ತು. ಆಮೇಲೆ ಅವರನ್ನು ಮಂಟಪದ ಹಿಂದೆ ಕರೆದೊಯ್ದು ಟಾರ್ಚು ಬಿಟ್ಟೆ. ಜನ್ಮವಿಡೀ ಮೆಣಸಿನಕಾಯಿ ಆರಿಸಿದ ಕೈ ಅವರದು, ಬಿಡಿಸಿ ಹೇಳುವುದು ಬೇಕಾಗಲಿಲ್ಲ. ತೂತಿನ ಮೇಲೆ ಬೆರಳಿಟ್ಟರು.

"ಹಂಗಾರ ಓಣಿ ಮಂದಿ ಹಣೀಗೆಲ್ಲಾ ನಾ ಹುಳದ ಹೇಲು ಹಚ್ಚೇನಿ?"

ನಾನು ತುಟಿ ಕಚ್ಚಿಕೊಂಡೆ. ನಗು ಬಂದರೆ ಈ ಮನೆಯಲ್ಲಿ ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವರು ನಗಲಿಲ್ಲ. ಹೋಗಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಸಂಜೆ ಇಬ್ಬರು ಹೆಂಗಸರು ಬೂದಿಗೆಂದು ಬಂದರೆ, "ಇವತ್ತ ಇಲ್ಲ" ಎಂದು ಒಳಗಿನಿಂದಲೇ ಹೇಳಿ ಕಳಿಸಿದರು. ರಾತ್ರಿ ಒಂದು ತುತ್ತೂ ಉಣ್ಣಲಿಲ್ಲ. ನನಗೆ ತೊಲೆ ಹೋದರೆ ಇನ್ನೊಂದು ತರಬಹುದು ಎಂದು ಕೂಡ ಅನ್ನಿಸಿತು. ಈ ವಯಸ್ಸಿನಲ್ಲಿ ಅವರು ಓಣಿಗೆ ಮುಖ ತೋರಿಸುವುದು ಹೇಗೆ? ಇನ್ನು ಮುಂದೆ ಅವರ ಮುಂದೆ ಹಣೆ ಒಡ್ಡುವವರು ಯಾರು?

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಮುಚ್ಚಳದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಡಿ. ಕೊಟ್ಟಾಕಿ ನಾನು, ಇಸ್ಕೊಳ್ಳಾಕಿನೂ ನಾನ. ನೀ ಬರೇ ಜೋಡಿ ಬಾ, ಬಾಯಿ ಬಿಡಬ್ಯಾಡ."

ಕೊಟ್ಟ ಪ್ರಸಾದ ತಿರುಗಿ ಕೇಳುವುದನ್ನು ನಮ್ಮ ಕಡೆ ಯಾರೂ ಕಂಡಿಲ್ಲ, ಕೇಳಿಲ್ಲ. ಮೊದಲ ಮನೆಯವಳು ಗಾಬರಿಯಾಗಿ, "ನಮ್ಮಿಂದ ಏನರ ತಪ್ಪಾತೇನ್ರಿ ಅಮ್ಮಾರ?" ಎಂದು ಕಾಲಿಗೆ ಬಿದ್ದಳು. ಅತ್ತೆ ಅವಳನ್ನು ಎಬ್ಬಿಸಿ, ಅಂಗಳದಲ್ಲೇ ನಿಂತು, ಮೂರು ಮನೆಗೆ ಕೇಳುವಂತೆ ಹೇಳಿದರು: "ತಪ್ಪು ನಿಂದಲ್ಲ, ನಂದು. ಅದು ಬೂದಿ ಅಲ್ಲ, ಹುಳ ಕೊರದ ಪುಡಿ. ಮನ್ಯಾಗ ಇಟ್ಟಕೊಂಡ್ರ ನಿಮ್ಮ ಮಂಚಕ್ಕ, ಬುಟ್ಟಿಗೆ ಹತ್ತತೈತಿ. ತಾ ಇಲ್ಲೆ." ಪ್ರತಿ ಮನೆಯಲ್ಲೂ ಅದೇ ಮಾತು, ಒಂದಕ್ಷರ ತಗ್ಗಿಸಲಿಲ್ಲ. ಒಬ್ಬಳ ಪೊಟ್ಟಣ ತಿಜೋರಿಯಲ್ಲಿತ್ತು. ಇನ್ನೊಬ್ಬಳು ಗಂಡನ ಅಂಗಿಯ ಕಿಸೆಗೆ ಹಾಕಿ ಕಳಿಸಿದ್ದಳು. ಮತ್ತೊಬ್ಬಳು ಮಗನಿಗೆ ಹಾಲಿನಲ್ಲಿ ಕಲಸಿ ಕುಡಿಸಿಬಿಟ್ಟಿದ್ದಳು. "ಆರಾಮ ಅದಾನಿಲ್ಲೊ?" ಎಂದು ಅತ್ತೆ ಕೇಳಿದರು. "ಆರಾಮ ಅದಾನ್ರಿ, ನಿನ್ನೆಯಿಂದ ಹಸಿವು ಜಾಸ್ತಿ ಆಗೇತಿ" ಎಂದಳು ಅವಳು. ನಾನು ಬೀದಿಗೆ ಓಡಿ ಬಂದು ನಕ್ಕೆ.

ಎಲ್ಲರೂ ನಗಲಿಲ್ಲ. ಕೆಲವರು ಪೊಟ್ಟಣವನ್ನು ಮಾತಿಲ್ಲದೆ ಕೊಟ್ಟು ಬಾಗಿಲು ಹಾಕಿಕೊಂಡರು. ಅತ್ತೆಗೆ ಅದು ಕಂಡಿತು. ಪೊಟ್ಟಣವನ್ನು ಡಬ್ಬಿಗೆ ಹಾಕಿಕೊಂಡು ಮುಂದಿನ ಮನೆಗೆ ನಡೆದರು.

ಕಾಗಿನೆಲೆಯ ಬಸ್ಸಿನ ಹೆಂಗಸರನ್ನು ಬಸ್ ಸ್ಟ್ಯಾಂಡಿನಲ್ಲೇ ಕಾದು ಹಿಡಿದೆವು. ಡಬ್ಬಿ ತುಂಬಿತು. ಒಂದು ಪೊಟ್ಟಣ ಮಾತ್ರ ಉಳಿಯಿತು. ಅದು ಹೋದದ್ದು ಐರಣಿಗೆ, ಅತ್ತೆಯ ಸ್ವಂತ ತಂಗಿಯ ಮನೆಗೆ. ನಾನು ಅವರನ್ನು ಚಿಕ್ಕತ್ತೆ ಎನ್ನುತ್ತೇನೆ. ಅಕ್ಕ ತಂಗಿಯರಲ್ಲಿ ಪ್ರೀತಿ ಎಷ್ಟಿತ್ತೋ ಪೈಪೋಟಿಯೂ ಅಷ್ಟೇ ಇತ್ತು. ತಂಗಿಯ ಮುಂದೆ ತಗ್ಗುವುದೆಂದರೆ ಅತ್ತೆಗೆ ಓಣಿಯ ಮುಂದೆ ತಗ್ಗಿದ್ದಕ್ಕಿಂತ ಕಷ್ಟ. ಮಗಳು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಜೊತೆಯಾದಳು. ಅಲ್ಲಿಂದ ಟಂಟಂ ಆಟೊ ಹಿಡಿದು ಹೊರಟರೆ ದಾರಿಯುದ್ದಕ್ಕೂ ಅತ್ತೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಿಡಿದುಕೊಂಡಿದ್ದರು.

ಚಿಕ್ಕತ್ತೆ ನಮ್ಮನ್ನು ಹಿತ್ತಲಿನಲ್ಲೇ ಎದುರುಗೊಂಡರು. ಹಿತ್ತಲಾಚೆ ಹೊಳೆ. ದಂಡೆಯ ಮೇಲೆ ಅವರ ಮಾವಿನ ಮರ.

"ಪೊಟ್ಟಣ ಎಲ್ಲೈತಿ?" ಅತ್ತೆ ಕೇಳಿದರು.

"ನಿನ್ನ ಬೂದಿ ಸುಮ್ಮನ ಇಟ್ಟಕೊಳ್ಳಾಕ ನನಗೇನ ಹುಚ್ಚೇನಕ್ಕಾ? ಈ ಮಾವಿನ ಗಿಡ ಒಂದ ಕಡೆ ಒಣಗಾಕತ್ತಿತ್ತು. ಸಗಣ್ಯಾಗ ಕಲಸಿ ಅದರ ಬಿರುಕಿಗೆ ಮೆತ್ತೇನಿ. ಇನ್ನ ಚಿಗರತೈತಿ ನೋಡು!"

ಮಗಳು ನನ್ನ ಮುಖ ನೋಡಿದಳು. ನಾನು ಹೊಳೆಯ ಕಡೆ ನೋಡಿದೆ. ಯಾವ ದೇಶದ್ದೋ ಹುಳ, ಯಾವುದೋ ರೋಗ ಹಸಿ ಗಿಡಕ್ಕೆ ಮುಟ್ಟದಿರಲಿ ಎಂದು ನಾವು ಊರೂರು ಓಡುತ್ತಿದ್ದರೆ, ಇಲ್ಲಿ ಅದನ್ನು ಗಿಡದ ಗಾಯದೊಳಗೇ ತುಂಬಿ ಸಗಣಿ ಮೆತ್ತಿಯಾಗಿತ್ತು!

ಅತ್ತೆ ನಡೆದದ್ದನ್ನೆಲ್ಲ ಹೇಳಿದರು. ಚಿಕ್ಕತ್ತೆ ಸೊಂಟಕ್ಕೆ ಕೈಯಿಟ್ಟರು. "ಪ್ರಸಾದ ತಿರುಗಿ ಕೇಳಾಕ ಇಲ್ಲಿ ತನಕ ಬಂದೀಯೇನ? ನನ್ನ ಗಿಡ ಚಿಗರೂದು ನಿನಗ ಸೇರವಲ್ದು."

"ಹುಚ್ಚಿ! ನಿನ್ನ ಗಿಡಾ ಉಳೀಲಿ ಅಂತ ಮಾನ ಬಿಟ್ಟ ಬಂದೇನಿ. ಕುಡಗೋಲು ಎಲ್ಲೈತಿ, ತಾ."

ಹೇಳಿ ಅತ್ತೆ, ಮೊಣಕಾಲು ನೋವಿನ ಅತ್ತೆ, ಮರದ ಬುಡದಲ್ಲಿ ಕೂತು ತಾವೇ ಕೆರೆಯತೊಡಗಿದರು. ಸ್ವಲ್ಪ ಹೊತ್ತು ನೋಡಿದ ಚಿಕ್ಕತ್ತೆ, "ಅಲ್ಲಲ್ಲ, ಇನ್ನೂ ಮ್ಯಾಲ ಮೆತ್ತೇನಿ" ಎಂದು ತಾವೂ ಕೂತರು. ಕೆರೆದ ಸಗಣಿಯನ್ನೆಲ್ಲ ಮಗಳು ಚೀಲಕ್ಕೆ ತುಂಬಿದಳು. ತೊಗಟೆ ಬಿಡಿಸುತ್ತ ಹೋದಂತೆ ಒಳಗೆ ದೊಡ್ಡದೊಂದು ತೂತು ಕಂಡಿತು. ಮಗಳು ತಂತಿ ಹಾಕಿ ಎಳೆದರೆ ಬೆರಳು ಗಾತ್ರದ ಬಿಳಿ ಮರಿಹುಳ ಹೊರಬಂತು. ನಾವು ಮೂವರೂ "ಅಯ್ಯಯ್ಯ!" ಎಂದು ಹಿಂದೆ ಸರಿದೆವು. ಮಗಳು ಮಾತ್ರ ಸಂಬಂಧಿಕರನ್ನು ಕಂಡವಳ ಹಾಗೆ ನಕ್ಕಳು.

"ಇದು ಹೊರಗಿಂದಲ್ಲ ಆಯಿ, ನಮ್ಮ ಊರಿಂದ. ಮಾವಿನ ಕಾಂಡ ಕೊರಿಯೋ ಹುಳ. ಗಿಡ ಒಣಗಾಕತ್ತಿದ್ದು ಇದರಿಂದನ. ಇದರ ಗುರ್ತ ನಮಗೈತಿ, ಔಷಧನೂ ಐತಿ."

"ಅಂದ್ರ ನಿನ್ನ ಆಯಿ ಪ್ರಸಾದ ತಿರುಗಿ ಕೇಳಾಕ ಬರದ ಇದ್ದಿದ್ರ ಈ ಹುಳ ಸಿಗತಿದ್ದಿಲ್ಲ?" ಚಿಕ್ಕತ್ತೆ ಕೇಳಿದರು.

"ಸಿಗತಿದ್ದಿಲ್ಲ. ಗಿಡ ಹೋಗತಿತ್ತು."

ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆಯ ಮೂಗಿನ ಮೇಲೆ ಸಗಣಿ ಮೆತ್ತಿತ್ತು. ಚಿಕ್ಕತ್ತೆ ಅದನ್ನು ಸೆರಗಿನಿಂದ ಒರೆಸುತ್ತ ಕಿಸಕ್ಕನೆ ನಕ್ಕರು. ಆಮೇಲೆ ಅತ್ತೆಯೂ ನಕ್ಕರು. ಎರಡು ದಿನದ ನಗುವನ್ನು ಒಟ್ಟಿಗೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು.

ಮರುದಿನ ಮೈದುನ ತಲೆ ತಗ್ಗಿಸಿಕೊಂಡು ಬಂದ. ದೇವರನ್ನು ಮತ್ತೆ ಹಳೆಯ ಜಗಲಿಗೆ ಇಳಿಸಿ, ಮನೆಯ ಹಿಂದಿನ ಬಯಲಿನಲ್ಲಿ ಮಂಟಪವನ್ನು ಕಳಚಿ, ಡಬ್ಬಿ, ಸಗಣಿ ಚೀಲ ಎಲ್ಲವನ್ನೂ ಮೇಲಿಟ್ಟೆವು. ಹಿತ್ತಾಳೆಯ ಕೊಂಡಿಗಳನ್ನು ಮಾತ್ರ ಅತ್ತೆ ಬಿಚ್ಚಿಟ್ಟುಕೊಂಡರು. ಕಡ್ಡಿ ಗೀರಿದವರೂ ಅವರೇ. ಪಾಲಿಶ್ ಹೊಗೆಗೆ ನಾವೆಲ್ಲ ಕೆಮ್ಮಿದೆವು.

ಬಡಿಗರು ಬಂದು ತೊಲೆಗಳನ್ನು ಒಂದೊಂದಾಗಿ ಹೊರಳಿಸಿ ನೋಡಿದರು. ಒಂದರ ಬಿಳಿ ಅಂಚಿನಲ್ಲಿ ಎರಡು ಮೂರು ತೂತು ಸಿಕ್ಕವು. ಅವರು ಬಿಳಿ ಭಾಗವನ್ನೆಲ್ಲ ಕೊಯ್ದು ತೆಗೆದರು. ಒಳಗಿನ ಕಂದು ಕಟ್ಟಿಗೆ ಗಟ್ಟಿಯಾಗಿತ್ತು, ಎಲ್ಲೂ ತೂತಿಲ್ಲ. ಅದಕ್ಕೆ ಔಷಧ ಹಚ್ಚಿ ರಾಣೆಬೆನ್ನೂರಿಗೆ ಸಾಗಿಸಿದೆವು. ಚೌಕಟ್ಟು ಅಂದುಕೊಂಡದ್ದಕ್ಕಿಂತ ಸ್ವಲ್ಪ ಸಣ್ಣದಾಯಿತು, ಆಗಲಿ. ಅಪ್ಪನೂ ಗಿಡ್ಡನೇ ಇದ್ದ.

ಓಣಿಯಲ್ಲಿ ಮಾತ್ರ ಅತ್ತೆ ಬಾಗಿಲಿಗೆ ಬಂದು ನಿಲ್ಲುವುದನ್ನು ಬಿಟ್ಟರು. ಯಾರೂ ಬರುತ್ತಲೂ ಇರಲಿಲ್ಲ. ಸಂಜೆ ಹೆಂಗಸರು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿದ್ದರೆ ಅತ್ತೆ ಕಿಟಕಿಯಿಂದ ನೋಡುತ್ತಿದ್ದರು. ಬಾಗಿಲು ನಿಲ್ಲಿಸುವ ಪೂಜೆಗೆ ಓಣಿಯವರನ್ನೆಲ್ಲ ಕರೆಯೋಣವೆಂದರೆ, "ಕರಿ, ಬಂದ್ರ ಬರ್ತಾರ" ಎಂದರು ಅಷ್ಟೇ.

ಬಂದರು. ಮೈದುನ ಎರಡು ಗಾಡಿ ಮಾಡಿ ಬ್ಯಾಡಗಿಯಿಂದ ಎಲ್ಲರನ್ನೂ ಹೇರಿಕೊಂಡು ಬಂದಿದ್ದ. ಇನ್ನೂ ಗೋಡೆ ಏಳದ ಮನೆಯಲ್ಲಿ ಅಪ್ಪನ ಚೌಕಟ್ಟು ಒಂದೇ ನಿಂತಿತು. ಹೊಸ್ತಿಲ ಕೆಳಗೆ ನವಧಾನ್ಯ, ಮೇಲೆ ತೆಂಗಿನಕಾಯಿ ಕಟ್ಟಿದ ಹಳದಿ ಬಟ್ಟೆ. ತೋರಣ ತಂದವರು ಐರಣಿಯ ಚಿಕ್ಕತ್ತೆ. "ಅದ ಗಿಡದ್ದು" ಎಂದು ಎಳೆಯ ಕೆಂಪು ಚಿಗುರು ಎತ್ತಿ ತೋರಿಸಿದರು. ಚೌಕಟ್ಟಿಗೆ ಬಡಿದಿದ್ದ ಅತ್ತೆಯ ಹಿತ್ತಾಳೆಯ ಕೊಂಡಿಗಳಿಗೆ ಮಗಳು ಆ ತೋರಣ ಕಟ್ಟಿದಳು.

ಪೂಜೆ ಮಾಡಿಸುವ ಅಯ್ಯನವರು ಚೌಕಟ್ಟಿಗೆ ಹಚ್ಚಲು ವಿಭೂತಿ ಕೇಳಿದರು. ಓಣಿಯ ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ನಾನು ತಂದಿದ್ದ ವಿಭೂತಿ ಗಟ್ಟಿಯನ್ನು ಹುಡುಕುವಷ್ಟರಲ್ಲಿ ಅತ್ತೆ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದರು. ಒಳಗೆ ಬೂದಿ.

"ಅವ್ವಾ, ಇದೆಲ್ಲೀದು?" ಮೈದುನನ ಮುಖ ಬಿಳಿಚಿತು.

"ನಿನ್ನ ಅಂಗಡೀದ" ಎಂದರು ಅತ್ತೆ. "ಹೆದರಬ್ಯಾಡ. ಈ ಸಲ ಸುಟ್ಟು ತಂದೇನಿ."

ಹೇಳಿ ಅಪ್ಪನ ಚೌಕಟ್ಟಿನ ಮೇಲೆ ಮೂರು ಬೆರಳು ಎಳೆದರು. ಜನರೆಲ್ಲ ಹೋ ಎಂದು ನಕ್ಕರು, ಅಯ್ಯನವರೂ ನಕ್ಕರು. ಆ ನಗುವಿನ ನಡುವೆ ಅತ್ತೆ ಉಳಿದ ಬೂದಿಯನ್ನು ಅಂಗೈಯಲ್ಲಿ ಹಿಡಿದು, ಕೊಡಲೋ ಬೇಡವೋ ಎಂದು ತಿಳಿಯದೆ ಹೊಸ್ತಿಲ ಬಳಿ ನಿಂತೇ ಇದ್ದರು. ಚಿಕ್ಕತ್ತೆ ಎದ್ದು ಬಂದು, "ಏನ್ ನೋಡ್ತೀಯಕ್ಕಾ, ಹಚ್ಚು" ಎಂದು ಬಗ್ಗಿ ಹಣೆ ಒಡ್ಡಿದರು. ಅವರ ಹಿಂದೆ, ಅಂದು ಬಾಗಿಲು ಹಾಕಿಕೊಂಡವರೂ ಸೇರಿ, ನಮ್ಮ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು.